ಬಯಲುಸೀಮೆಯವರು ಕಂಡ ಬೆಟ್ಟದ ಕಾಡು

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಿ ಗಾಣಗಾಪುರದ ದಾರಿ ಕವಲೊಡೆಯುವ ಊರು ನಮ್ಮ ಚೌಡಾಪುರ. ಭೀಮಾ-ಅಮರ್ಜಾ ಸಂಗಮಕ್ಕೆ ಹೊರಟ ಯಾತ್ರಿಕರಿಗೆ ಇದು ಚಹ ಕುಡಿದು ಮುಂದೆ ಸಾಗುವ ಠಾವು. ಇಲ್ಲಿ ನಿಂತು ಎತ್ತ ನೋಡಿದರೂ ಎರೆಹೊಲ, ತೊಗರಿ, ಜೋಳ. ನಡುನಡುವೆ ಬದುವಿನ ಮೇಲೊಂದು ಬೇವು, ಒಂದು ಜಾಲಿ. ಬೆಟ್ಟವೂ ಕಾಡೂ ಮಲೆನಾಡಿನವರ ಸೊತ್ತೆಂದು ನಂಬಿಯೇ ನಾವು ಬೆಳೆದವರು. ಆ ನಂಬಿಕೆ ಎಷ್ಟು ಅರೆಬರೆಯದೆಂಬುದು ಕಳೆದ ದಸರೆಯ ರಜೆಯಲ್ಲಿ ಮನೆಮಂದಿಯೆಲ್ಲ ಚಿಂಚೋಳಿಯ ಕಾಡಿಗೆ ಹೋಗಿಬಂದಾಗ ತಿಳಿಯಿತು.

ನಸುಕಿನಲ್ಲೇ ಲಿಂಗಪೂಜೆ ಮುಗಿಸಿ, ಕಟಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟೆವು. ಕಲಬುರಗಿಯನ್ನು ದಾಟಿ ಪೂರ್ವಕ್ಕೆ ಸುಮಾರು ಎರಡು ತಾಸು ಸಾಗಿದ ಮೇಲೆ ನೆಲದ ಬಣ್ಣವೇ ಬದಲಾಗತೊಡಗಿತು. ಕಪ್ಪು ಮಣ್ಣು ಹಿಂದೆ ಸರಿದು ಕೆಂಪು ಮಣ್ಣು ಕಾಣಿಸಿತು. ಸಮತಟ್ಟಾದ ಬಯಲು ಮೆಲ್ಲಗೆ ಏರು-ಇಳುಕಲಾಯಿತು. ಕುಂಚಾವರಂ ಕಡೆಯ ಗುಡ್ಡಸಾಲು ಎದುರಿಗೆ ನಿಂತಾಗ ಮೊಮ್ಮಗ ಕೇಳಿದ: “ಅಜ್ಜಾ, ಇದೂ ನಮ್ಮ ಜಿಲ್ಲೇನಾ?” ಅರವತ್ತು ವರ್ಷ ಈ ಜಿಲ್ಲೆಯಲ್ಲೇ ಬಾಳಿದ ನನಗೂ ಅದೇ ಪ್ರಶ್ನೆ ಮನದಲ್ಲಿತ್ತು.

ತೆಲಂಗಾಣದ ಗಡಿಗೆ ಹೊಂದಿಕೊಂಡ ಈ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದರ ವಿಸ್ತಾರ ಸುಮಾರು 134 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಇದು ಹೆಸರಾಗಿದೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡಕುರಿ ಇಲ್ಲಿಯ ನಿವಾಸಿಗಳು. ಅಂಚಿನಲ್ಲಿ ಸಾಗುವಾನಿ, ಒಳಗೆ ಎಲೆಯುದುರುವ ಬಗೆಬಗೆಯ ಮರಗಳು; ಶ್ರೀಗಂಧವೂ ರಕ್ತಚಂದನವೂ ಉಂಟು. ಲಂಬಾಣಿ ತಾಂಡಾಗಳ ಜನ ತಲೆಮಾರುಗಳಿಂದ ಈ ಕಾಡಿನ ಆಸರೆಯಲ್ಲಿ ಬದುಕಿದ್ದಾರೆ.

ಕಾಡಿನ ನಡುವಿನ ಚಂದ್ರಂಪಳ್ಳಿ ಜಲಾಶಯದ ಬಳಿಯಿಂದ ನಮ್ಮ ನಡಿಗೆ ಆರಂಭವಾಯಿತು. ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ತಾಂಡಾದ ತರುಣನೊಬ್ಬನನ್ನು ಜೊತೆಗಿಟ್ಟುಕೊಂಡಿದ್ದೆವು. ಮೂರು ದಿಕ್ಕಿಗೆ ಹಸಿರು ಗುಡ್ಡ, ನಡುವೆ ಅಲುಗದ ನೀರು. ಕಾಲುದಾರಿಯಲ್ಲಿ ಕಾಜಾಣವೊಂದು ಕೊಂಬೆಯಿಂದ ಕೊಂಬೆಗೆ ಹಾರುತ್ತ ನಮ್ಮ ಮುಂದೆಯೇ ಸಾಗಿತು. ಪೊದೆಯೊಳಗೆ ಗೌಜಲಕ್ಕಿಯ ಕೂಗು ಕೇಳಿ ಮಕ್ಕಳು ತಾವಾಗಿಯೇ ಮಾತು ನಿಲ್ಲಿಸಿದರು. ಮೊಳಕಾಲು ನೋವಿನ ನಮ್ಮ ಮನೆಯವರೂ ನಿಂತು ನಿಂತು ಒಂದು ಮೈಲಿಯಾದರೂ ನಡೆದರು.

“ಬ್ಯಾಸಿಗ್ಯಾಗ ಬಂದ್ರ ಎಲ್ಲಾ ಒಣಗಿರ್ತದ್ರಿ. ಒಂದು ಬೀಡಿ ಒಗದ್ರ ಸಾಕು, ಗುಡ್ಡಾನೇ ಹೊತ್ತಿ ಉರೀತದ” ಎಂದ ಆ ತರುಣ. ಮುಂದೆ ಒಂದು ಮರದ ಬುಡದಲ್ಲಿ ಪ್ರವಾಸಿಗರು ಬಿಟ್ಟುಹೋದ ಪ್ಲಾಸ್ಟಿಕ್ ತಾಟು, ಬಾಟಲಿಗಳ ರಾಶಿ ಕಂಡಾಗ ನಮಗೆ ತಲೆ ತಗ್ಗಿಸುವಂತಾಯಿತು. ಪ್ರಸಾದವನ್ನು ಒಂದು ಅಗುಳೂ ಚೆಲ್ಲದೆ ಸ್ವೀಕರಿಸುವ ಸಂಸ್ಕಾರ ನಮ್ಮದು. ನೆರಳನ್ನೂ ನೀರನ್ನೂ ಕಾಡು ನಮಗೆ ಬಡಿಸಿದ ಮೇಲೆ ಅದರ ಅಂಗಳದಲ್ಲೇ ಎಂಜಲು ಚೆಲ್ಲುವುದು ಯಾವ ನ್ಯಾಯ? ಸೊಸೆಯೂ ಮಕ್ಕಳೂ ಸೇರಿ ಕೈಲಾದಷ್ಟನ್ನು ಚೀಲಕ್ಕೆ ತುಂಬಿ ತಂದರು.

ಮಳೆಗಾಲದಲ್ಲಿ ಬಂದವರು ಇದೇ ತಾಲ್ಲೂಕಿನ ಎತ್ತಿಪೋತ ಜಲಪಾತವನ್ನೂ ನೋಡಬಹುದು. ಚಳಿಗಾಲದ ಬೆಳಗು ನಡಿಗೆಗೆ ಹಿತ. ಗಟ್ಟಿ ಪಾದರಕ್ಷೆ, ಕುಡಿಯುವ ನೀರು, ಮನೆಯ ಬುತ್ತಿ ಜೊತೆಗಿರಲಿ. ಬೆಂಕಿ ಹಚ್ಚುವುದು, ಧ್ವನಿವರ್ಧಕ ಹಾಕುವುದು ಬೇಡ. ಸಂಜೆಯೊಳಗೆ ಮರಳಬೇಕು; ಇರುಳು ಪ್ರಾಣಿಗಳದು.

ಹಿಂದಿರುಗುವಾಗ ಕಲಬುರಗಿಯಲ್ಲಿ ಶರಣಬಸವೇಶ್ವರರ ದರ್ಶನ ಪಡೆದೆವು. ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತಿದ್ದಾಗ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟ ಆ ದಾಸೋಹಮೂರ್ತಿಯ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿದೆ. ನೂರು ಸಲ ಕೇಳಿದ ಕಥೆಯೇ ಆದರೂ, ಆ ದಿನ ಹಕ್ಕಿಗಳ ದನಿ ಇನ್ನೂ ಕಿವಿಯಲ್ಲಿದ್ದುದರಿಂದ ಅದು ನನಗೇ ಹೊಸದಾಗಿ ಕೇಳಿಸಿತು.

ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಹೊಲದ ಬದುವಿನಲ್ಲಿ ತಂದೆಯವರ ಕಾಲದ ಬೇವಿನ ಮರವೊಂದಿದೆ. ಅದರ ನೆರಳಿಗೆ ನಾಲ್ಕು ಸಾಲು ತೊಗರಿ ಏಳುವುದಿಲ್ಲವೆಂದು, ದಸರೆಗೆ ಮೊದಲೇ ಕಟ್ಟಿಗೆ ವ್ಯಾಪಾರಿಯೊಂದಿಗೆ ಮಾತು ಮುಗಿದಿತ್ತು. ದೀಪಾವಳಿಗೆ ಅವನು ಹಗ್ಗ, ಗರಗಸ ಹಿಡಿದು ಬಂದಾಗ ಮುಂಗಡ ಹಣವನ್ನು ಮರಳಿ ಕೊಟ್ಟವನು, ಮರ ಮಾರಬೇಕೆಂದು ಹಟ ಹಿಡಿದಿದ್ದ ನನ್ನ ಮಗನೇ. ತೊಗರಿಯ ನಾಲ್ಕು ಸಾಲು ಈ ವರ್ಷವೂ ಸಣ್ಣಗೇ ಬೆಳೆದಿವೆ. ಬೇವಿನಲ್ಲಿ ಮಾತ್ರ ಎರಡು ಕಾಜಾಣಗಳಿವೆ. ಮೊದಲೂ ಇದ್ದವೇನೋ, ನಾವು ತಲೆಯೆತ್ತಿ ನೋಡಿರಲಿಲ್ಲ.