ಪುಣೆಯ ದೇವಿಯರ ನಂಟು

ಹಿಂದೂ ನಂಬಿಕೆಯಲ್ಲಿ ದೇವಿಯ ಸ್ಥಾನವನ್ನು ವಿವರಿಸುವ ಗ್ರಂಥಗಳು ಸಾಮಾನ್ಯವಾಗಿ ಸಿಂಹ, ತ್ರಿಶೂಲ, ಕಮಲ, ವೀಣೆಗಳಿಂದ ಹೊರಟು, ಸರಸ್ವತಿಗೆ ವಿದ್ಯೆಯನ್ನೂ ಲಕ್ಷ್ಮಿಗೆ ಸಂಪತ್ತನ್ನೂ ದುರ್ಗೆಗೆ ಪರಾಕ್ರಮವನ್ನೂ ಹಂಚಿಕೊಟ್ಟು ಮುಗಿಯುತ್ತವೆ. ಪುಣೆ ನಗರದ ಮತ್ತು ಅದರ ಸುತ್ತಲಿನ ಬೆಟ್ಟಗಳ ದೇವಿಯರನ್ನು ಈ ಲೆಕ್ಕದಲ್ಲಿ ಅರಿಯಹೊರಟವರಿಗೆ ಹೆಚ್ಚೇನೂ ದಕ್ಕುವುದಿಲ್ಲ. ಇಲ್ಲಿ ದೇವಿ ಯಾರೆಂಬುದನ್ನು ಅವಳ ಕೈಯ ಆಯುಧಕ್ಕಿಂತ ಅವಳು ಯಾರ ಮಗಳು, ಯಾರ ಹೆಂಡತಿ, ಯಾವ ಕುಲದ ತಾಯಿ ಎಂಬ ನಂಟುಗಳೇ ಹೆಚ್ಚು ಸ್ಪಷ್ಟವಾಗಿ ಹೇಳುತ್ತವೆ.

ಬುಧವಾರ ಪೇಠೆಯ ತಾಂಬಡೀ ಜೋಗೇಶ್ವರಿ, ಎಂದರೆ ಮೈಗೆಲ್ಲ ಸಿಂಧೂರ ಬಳಿದ ಕೆಂಪು ಜೋಗೇಶ್ವರಿ, ಪುಣೆಯ ಗ್ರಾಮದೇವತೆ. ನವರಾತ್ರಿಯಲ್ಲಿ ಅವಳ ಮುಂದೆ ಸಾಲುಗಟ್ಟುವ ಹೆಂಗಸರ ಕೈಯಲ್ಲಿ ಇರುವುದು ಒಂದು ತೆಂಗಿನಕಾಯಿ, ಹಿಡಿ ಅಕ್ಕಿ, ಅರಿಸಿನದ ಕೊಂಬು, ಅಡಕೆ ಮತ್ತು ತ್ರಿಕೋನವಾಗಿ ಮಡಿಸಿದ ಕುಬಸದ ಖಣ. ಮರಾಠಿಯಲ್ಲಿ ಓಟೀ ಎಂದು ಕರೆಯುವ ಈ ಆಚಾರ ಉತ್ತರ ಕರ್ನಾಟಕದವರಿಗೆ ಉಡಿ ತುಂಬುವುದೆಂದೇ ಪರಿಚಿತ. ಆ ಖಣವಾದರೂ ಬಹುಕಾಲದಿಂದ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಮಗ್ಗಗಳಿಂದ ಮಹಾರಾಷ್ಟ್ರದ ಪೇಟೆಗಳಿಗೆ ಹೋಗುತ್ತ ಬಂದದ್ದು. ಪುರಾಣದಲ್ಲಿ ಅಸುರರನ್ನು ಕೊಂದವಳಿಗೆ ಭಕ್ತೆಯರು ಸಲ್ಲಿಸುವುದು ತವರಿಗೆ ಬಂದ ಮಗಳಿಗೆ ಸಲ್ಲುವ ಮರ್ಯಾದೆಯೇ ಹೊರತು ಗೆದ್ದು ಬಂದ ಯೋಧೆಗೆ ಸಲ್ಲುವ ಮರ್ಯಾದೆಯಲ್ಲ ಎಂಬುದು ಗಮನಿಸತಕ್ಕ ಸಂಗತಿ.

ಸೇನಾಪತಿ ಬಾಪಟ ರಸ್ತೆಯ ಪಕ್ಕದ ಬೆಟ್ಟದಲ್ಲಿರುವ ಚತುಃಶೃಂಗಿಯ ಐತಿಹ್ಯವೂ ನಂಟಿನದೇ. ನಾಸಿಕದ ಕಡೆಯ ವಣಿಯ ಸಪ್ತಶೃಂಗಿಗೆ ವರ್ಷವರ್ಷವೂ ನಡೆದುಕೊಳ್ಳುತ್ತಿದ್ದ ದುರ್ಲಭಶೇಠನೆಂಬ ಸಾಹುಕಾರನಿಗೆ ಮುಪ್ಪಿನಲ್ಲಿ ಪಯಣ ಕೈಲಾಗದಾದಾಗ, ದೇವಿಯೇ ಅವನ ಊರಿಗೆ ಬಂದು ನೆಲೆಸಿದಳೆಂದು ಹೇಳಿಕೆಯಿದೆ. ಪರ್ವತಿ ಬೆಟ್ಟದ ಕಥೆ ಬೇರೆ: ಅಲ್ಲಿ 1749ರಲ್ಲಿ ನಾನಾಸಾಹೇಬ ಪೇಶ್ವೆ ಶಿವನಿಗೆ ದೇವದೇವೇಶ್ವರನೆಂಬ ಹೆಸರಿನಲ್ಲಿ ಗುಡಿ ಕಟ್ಟಿಸಿದನಾದರೂ, ಬೆಟ್ಟಕ್ಕೂ ಅದರ ಬುಡದ ಬಡಾವಣೆಗೂ ಇಂದಿಗೂ ಉಳಿದಿರುವುದು ದೇವಿಯ ಹೆಸರೇ. ಅರಸೊತ್ತಿಗೆ ಗಂಡನಿಗೆ ಗುಡಿ ಕೊಟ್ಟಿತು. ಜನ ಹೆಸರನ್ನು ಹೆಂಡತಿಗೇ ಉಳಿಸಿದರು.

ಈ ಬಗೆಯ ಮದುವೆಗಳ ಒಳಗುಟ್ಟನ್ನು ಹುಡುಕುತ್ತ ಪುಣೆಯ ಸುತ್ತಲಿನ ಗುಡ್ಡಗಳನ್ನು ಕಾಲ್ನಡೆಯಲ್ಲಿ ಅಲೆದವರು ಗಣಿತಜ್ಞ, ಇತಿಹಾಸಕಾರ ದಾಮೋದರ ಧರ್ಮಾನಂದ ಕೋಸಂಬಿ. 1962ರಲ್ಲಿ ಪ್ರಕಟವಾದ ‘ಮಿಥ್ ಅಂಡ್ ರಿಯಾಲಿಟಿ’ಯಲ್ಲಿ ಅವರು, ಸಿಂಧೂರ ಬಳಿದ ಬರಿಯ ಕಲ್ಲುಗಳಾಗಿ ನಿಂತ ಅನೇಕ ತಾಯಿ-ದೇವಿಯರ ನೆಲೆಗಳು ಹಳೆಯ ಕಾಲುದಾರಿಗಳ ಮೇಲೂ, ಶಿಲಾಯುಗದ ಜನ ಬಳಸಿದ ಸಣ್ಣ ಕಲ್ಲುಚೂರಿನ ಉಪಕರಣಗಳು ಸಿಗುವ ಜಾಗಗಳಲ್ಲೂ ಇರುವುದನ್ನು ತೋರಿಸಿ, ಒಂಟಿಯಾಗಿದ್ದ ಇಂಥ ದೇವಿಗೆ ಪಶುಪಾಲಕರ ದೇವರೊಡನೆ ಮದುವೆಯಾದದ್ದು ಎರಡು ಜನಸಮುದಾಯಗಳು ಬೆರೆತದ್ದರ ಗುರುತೆಂದು ವಾದಿಸಿದರು. ಎಲ್ಲ ದೇವಿಯರಿಗೂ ಈ ಸೂತ್ರ ಒಪ್ಪುವುದೆನ್ನಲಾಗದು. ಆದರೂ ದಾರಿಯ ಮಾತು ನಿಜ: ಲೋಣಾವಳೆಯ ಬಳಿಯ ಕಾರ್ಲೆಯಲ್ಲಿ, ಕೋಳಿ ಬೆಸ್ತರ ಕುಲದೇವತೆ ಏಕವೀರೆಯ ಗುಡಿ ನಿಂತಿರುವುದು ಪುರಾತನ ವ್ಯಾಪಾರಮಾರ್ಗದ ಮಗ್ಗುಲಲ್ಲಿ ಕೊರೆದ ಬೌದ್ಧ ಚೈತ್ಯದ ಬಾಗಿಲಲ್ಲೇ, ಆ ಚೈತ್ಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ, ಅಂದರೆ ನಮ್ಮ ಬನವಾಸಿಯ, ಭೂತಪಾಲನೆಂಬ ಶ್ರೇಷ್ಠಿಯೆಂದು ಅಲ್ಲಿನ ಶಾಸನ ಹೇಳುತ್ತದೆ.

ಕೋಸಂಬಿಯವರ ಮಾತು ಹೆಚ್ಚು ಹೊಂದುವುದು ಪುಣೆ ಜಿಲ್ಲೆಯ ಜೇಜುರಿಗೆ. ಅಲ್ಲಿನ ಖಂಡೋಬನೆಂದರೆ ಕನ್ನಡಿಗರ ಮೈಲಾರಲಿಂಗ. ಭಕ್ತರು ತೂರುವ ಅರಿಸಿನದ ಭಂಡಾರವೂ ಎರಡೂ ಕಡೆ ಒಂದೇ. ಅವನ ಮೊದಲ ಹೆಂಡತಿ ಮ್ಹಾಳಸಾ ಲಿಂಗಾಯತ ವರ್ತಕರ ಮನೆಯ ಮಗಳು, ಎರಡನೆಯವಳಾದ ಬಾಣಾಯಿ ಧನಗರರ, ಅಂದರೆ ಕುರಿಗಾಹಿಗಳ, ಮಗಳು. ಇವಳನ್ನು ಪಡೆಯಲು ದೇವರು ಅವಳ ಮನೆಯಲ್ಲಿ ಕುರಿ ಕಾಯುವ ಆಳಾಗಿ ದುಡಿದನೆಂದು ಕಥೆ. ಬೆಟ್ಟದ ನೆತ್ತಿಯ ಗುಡಿಯಲ್ಲಿ ದೇವರ ಪಕ್ಕದಲ್ಲಿ ಮ್ಹಾಳಸೆ ಇದ್ದರೆ, ಬಾಣಾಯಿಯ ಗುಡಿ ಮೆಟ್ಟಿಲುಗಳ ನಡುದಾರಿಯಲ್ಲಿದೆ. ಸವತಿಯರ ಜಗಳ ಅಲ್ಲಿನ ಹಾಡುಗಳಿಗೆ ಬತ್ತದ ವಸ್ತು. ಕರ್ನಾಟಕದ ಮೈಲಾರನಿಗೂ ಗಂಗಿಮಾಳವ್ವನ ಜೊತೆಗೆ ಕುರುಬರ ಮಗಳು ಕುರುಬತ್ತೆವ್ವ ಉಂಟು. ಪುರಾಣದ ಪತಿವ್ರತೆಯ ಆದರ್ಶವನ್ನು ಇಲ್ಲಿ ಹುಡುಕುವುದು ವ್ಯರ್ಥ. ಹೆಣ್ಣು ಕೊಟ್ಟ ಮನೆಯವರಿಗೆ ಅಳಿಯನ ಮೇಲೆ ಹಕ್ಕಿರುವಂತೆ ವರ್ತಕರಿಗೂ ಕುರುಬರಿಗೂ ಒಂದೇ ದೇವರ ಮೇಲೆ ಹಕ್ಕು ಕೊಡಿಸಿದವರು ಈ ಇಬ್ಬರು ದೇವಿಯರು. ಮೇಲಿನ ಗುಡಿ ಯಾರಿಗೆ, ನಡುದಾರಿ ಯಾರಿಗೆ ಎಂಬುದರಲ್ಲಿ ಸಮಾಜದ ತರತಮವೂ ಕಲ್ಲಿನಲ್ಲಿ ಕೂತಿದೆ.

ದೇವರಿಗೆ ಹೆಣ್ಣು ಕೊಡುವ ಈ ಕಲ್ಪನೆ ಕಥೆಯಲ್ಲಷ್ಟೇ ಉಳಿಯಲಿಲ್ಲ. ಹರಕೆ ಹೊತ್ತ ಮನೆಯವರು ಮಗಳನ್ನು ಖಂಡೋಬನಿಗೆ ಅರ್ಪಿಸಿ ಅವಳನ್ನು ಮುರಳಿ ಎಂದು ಕರೆದರು, ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿಯೂ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ದೇವಿಗೆ ಅಧಿಕಾರವಾಗಿ ಒದಗಿದ ಆ ದೈವಸಂಬಂಧ ಈ ಹುಡುಗಿಯರಿಗೆ, ಅದರಲ್ಲೂ ಬಡ ದಲಿತ ಮನೆಗಳ ಹುಡುಗಿಯರಿಗೆ, ಬಿಡಿಸಿಕೊಳ್ಳಲಾಗದ ಕಟ್ಟಾಯಿತು. ಶಕ್ತಿಯ ಸಂಕೇತವನ್ನು ಕೊಂಡಾಡುವ ಬರಹಗಳು ಈ ಪುಟವನ್ನು ಮಗುಚಿ ಮುಂದೆ ಹೋಗುವುದು ಸರಿಯಲ್ಲ. ಬೆಳಗಾವಿ, ಧಾರವಾಡ, ವಿಜಾಪುರಗಳೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ ಮತ್ತೆ 1982ರಲ್ಲಿ ಬಂದ ಕಾಯಿದೆಗಳು ಇಂಥ ಅರ್ಪಣೆಯನ್ನು ಕಾನೂನುಬಾಹಿರವೆಂದು ಸಾರಿದವು. ದೇವರಿಗೆ ಅರ್ಪಿತಳಾದ ಹೆಣ್ಣು ಮನುಷ್ಯನನ್ನು ಮದುವೆಯಾದರೆ ಆ ಮದುವೆ ಸಿಂಧುವೆಂದು ಬೇರೆಯಾಗಿ ಬರೆಯಬೇಕಾಗಿ ಬಂದದ್ದೂ ಆ ಕಾಯಿದೆಗಳಲ್ಲೇ.