ಲಾಹೋರಿನ ಮದುವೆಯ ಜೋಡಾ

ಪಾಕಿಸ್ತಾನದ ಪಂಜಾಬು ಪ್ರಾಂತಕ್ಕೆ ರಾಜಧಾನಿಯಾದ ಲಾಹೋರಿನ ಹಳೆಯ ಪಟ್ಟಣಕ್ಕೆ ಹಿಂದೆ ಹದಿಮೂರು ಬಾಗಿಲುಗಳಿದ್ದುವು. ಈಗ ಆರು ಮಾತ್ರ ನಿಂತಿವೆ. ಮಿಕ್ಕವು ಜನರ ಬಾಯಲ್ಲಿ ಹೆಸರಾಗಿ ಬದುಕಿವೆ. ಪೂರ್ವದ ದಿಲ್ಲಿ ದರವಾಜೆಯನ್ನು ದಾಟಿ ಒಳಹೊಕ್ಕವನಿಗೆ ಮೊದಲು ಶಹಾಜಹಾನನ ಕಾಲದ ಶಾಹಿ ಹಮಾಮು ಕಾಣುತ್ತದೆ. ಅಲ್ಲಿಂದ ಕೂಗಳತೆಯ ದೂರದಲ್ಲಿ, 1634ರ ಸುಮಾರಿಗೆ ಕಟ್ಟಲು ತೊಡಗಿದ ವಜೀರ್ ಖಾನ್ ಮಸೀದಿ. ಅದರ ಗೋಡೆಗಳ ತುಂಬ ಹಳದಿ, ನೀಲಿ, ಹಸಿರು ಮೆರುಗುಹಂಚುಗಳಲ್ಲಿ ಮೂಡಿಸಿದ ಹೂಕುಂಡಗಳು, ಬಳ್ಳಿಗಳು, ನೆಟ್ಟಗೆ ನಿಂತ ಸೈಪ್ರೆಸ್ ಮರಗಳು. ಸುಮಾರು ನಾಲ್ಕು ಶತಮಾನಗಳ ಬಿಸಿಲಿಗೂ ಅವು ಬಾಡಿಲ್ಲ.

ಬಾಡದಿರುವುದು ಗೋಡೆಯ ಮೇಲೆ ಮಾತ್ರವಲ್ಲ. ಅದೇ ಓಣಿಯಲ್ಲಿ ಇನ್ನಷ್ಟು ಒಳಕ್ಕೆ ನಡೆದರೆ ಅದೇ ಹೂವು, ಅದೇ ಬಳ್ಳಿ ಅಂಗಡಿಗಳ ಗಾಜಿನ ಹಿಂದೆ ಕೆಂಪು ರೇಷ್ಮೆಯ ಮೇಲೆ ಜರಿಯಲ್ಲಿ ಅರಳಿ ನಿಂತಿರುತ್ತವೆ. ಹತ್ತಿರದಲ್ಲೇ ಆಜಂ ಬಟ್ಟೆಯ ಮಾರುಕಟ್ಟೆ. ಥಾನುಗಟ್ಟಲೆ ಬಟ್ಟೆ ಹೊತ್ತ ಕೈಗಾಡಿಗಳು ಅಲ್ಲಿ ಹಗಲಿಡೀ ಒಂದನ್ನೊಂದು ಉಜ್ಜಿಕೊಂಡು ಸಾಗುತ್ತವೆ. 1753ರಲ್ಲಿ ಕಟ್ಟಿದ ಸುನೆಹ್ರಿ ಮಸೀದಿಯ ಚಿನ್ನದ ಗುಮ್ಮಟಗಳ ಆಸುಪಾಸಿನಲ್ಲಿ ಕಿನಾರಿ ಬಾಜಾರು. ಜರಿಯ ಅಂಚು, ಗೋಟಾ, ಕುಚ್ಚು, ಚಮಕಿಗಳಿಗಾಗಿಯೇ ಮೀಸಲಾದ ಬೀದಿ. ರಂಗಮಹಲಿನ ಕಡೆಗೆ ತಿರುಗಿದರೆ ಚಿನ್ನದ ವ್ಯಾಪಾರದ ಸೂಹಾ ಬಾಜಾರು. ಹೀಗೆ, ಬಟ್ಟೆ ಒಂದು ಕಡೆ, ಅಂಚು ಒಂದು ಕಡೆ, ಒಡವೆ ಇನ್ನೊಂದು ಕಡೆ. ಮಗಳ ಮದುವೆ ನಿಶ್ಚಯವಾದ ಮನೆಯ ತಾಯಿ ಈ ಮೂರು ಬೀದಿಗಳನ್ನು ಎಷ್ಟು ಬಾರಿ ಸುತ್ತುತ್ತಾಳೆಂಬುದಕ್ಕೆ ಲೆಕ್ಕವಿಲ್ಲ.

ಆಕೆ ಹುಡುಕುತ್ತಿರುವುದು 'ಜೋಡಾ'. ಉರ್ದುವಿನಲ್ಲಿ ಈ ಮಾತಿಗೆ ಜೊತೆ ಎಂದರ್ಥ. ಮೇಲಿನ ಕುರ್ತಿ ಅಥವಾ ಕಮೀಜು, ಕೆಳಗಿನ ಲಂಗ ಅಥವಾ ಇಜಾರ, ತಲೆಯ ಮೇಲೆ ಹೊದೆಯುವ ದುಪಟ್ಟಾ, ಇವಿಷ್ಟೂ ಸೇರಿ ಒಂದು ಜೋಡಾ. ಪಾಕಿಸ್ತಾನದ ಮದುವೆ ಒಂದು ದಿನದಲ್ಲಿ ಮುಗಿಯುವುದಿಲ್ಲವಾದ್ದರಿಂದ ಒಂದು ಜೋಡಾದಿಂದಲೂ ಮುಗಿಯುವುದಿಲ್ಲ. ಅರಿಶಿನ ಹಚ್ಚಿ ವಧುವನ್ನು ಮನೆಯೊಳಗೆ ಕೂರಿಸುವ ಮಾಯೂಂ ದಿನ ಹಳದಿಯ ಸರಳ ಉಡುಪು. ಗೋರಂಟಿಯ ರಾತ್ರಿಗೆ ಹಸಿರು, ಕಿತ್ತಳೆ, ಹಳದಿಗಳ ಬೆರಕೆ. ಅಂದು ಹಾಡು ಕುಣಿತಗಳಿರುವುದರಿಂದ ಭಾರವಾದ ಜರಿಗಿಂತ ಹಗುರವಾದ ಗೋಟಾದ ಅಂಚಿಗೆ ಮನ್ನಣೆ. ವರನ ದಿಬ್ಬಣ ಬರುವ ಬರಾತಿನ ದಿನ ಕೆಂಪು, ಅದೂ ಕಡುಕೆಂಪು. ಗಂಡಿನ ಕಡೆಯವರು ನೀಡುವ ವಲೀಮಾ ಔತಣಕ್ಕೆ ತಿಳಿಯಾದ ಬಣ್ಣಗಳು: ಬೆಳ್ಳಿಯ ಬೂದು, ದಂತದ ಬಿಳುಪು, ಪಿಸ್ತಾದ ಹಸಿರು, ಅಲ್ಲಿನವರು 'ಟೀ ಪಿಂಕ್' ಎಂದು ಕರೆಯುವ ಮಾಸಲು ಗುಲಾಬಿ. ಹಳದಿಯಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ತಿಳಿಗೆ ಸಾಗುವ ಈ ಬಣ್ಣಗಳ ನಡಿಗೆಯಲ್ಲೇ ಹೆಣ್ಣು ತವರಿನಿಂದ ಅತ್ತೆಯ ಮನೆಗೆ ಸಾಗುತ್ತಾಳೆ.

ಉಡುಪಿನ ಆಕಾರದಲ್ಲಿ ಇನ್ನೊಂದು ಕಥೆ ಅಡಗಿದೆ. ಲಖನೌದ ಬೇಗಮರ ಉಡುಪಾದ ಘರಾರಾ ಎಂಬುದು ಒಂದು ವಿಚಿತ್ರ ಸುಂದರ ಇಜಾರ. ಮಂಡಿಯವರೆಗೆ ಮೈಗೆ ಒತ್ತಿದಂತಿದ್ದು, ಅಲ್ಲಿ ನೆರಿಗೆ ಹಿಡಿದು ಜೋಡಿಸಿದ ಬಟ್ಟೆ ಕೆಳಗೆ ಲಂಗದಂತೆ ಹರಡುತ್ತದೆ. ಜೋಡಿಸಿದ ಹೊಲಿಗೆ ಕಾಣದಂತೆ ಅದರ ಮೇಲೊಂದು ಗೋಟಾದ ಪಟ್ಟಿ. ಸೊಂಟದಿಂದಲೇ ನೇರವಾಗಿ ಅಗಲವಾಗುತ್ತ ಇಳಿದರೆ ಅದು ಶರಾರಾ. ನೆಲದ ಮೇಲೆ ಎಳೆದಾಡುವಷ್ಟು ಉದ್ದವಾಗಿದ್ದರೆ ಅದು ಫರ್ಶಿ; ಫರ್ಶ್ ಎಂದರೆ ನೆಲ. 1947ರಲ್ಲಿ ದೇಶ ಒಡೆದಾಗ ಲಖನೌ, ದಿಲ್ಲಿ, ಆಗ್ರಾಗಳಿಂದ ಕರಾಚಿಗೂ ಲಾಹೋರಿಗೂ ಹೋದ ಕುಟುಂಬಗಳು ಮನೆಯನ್ನೂ ಹೊಲವನ್ನೂ ಬಿಟ್ಟುಹೋದುವು. ಈ ಆಕಾರಗಳನ್ನು ಬಿಟ್ಟುಹೋಗಲಿಲ್ಲ. ಹೊಸ ರಾಷ್ಟ್ರದ ಮೊದಲ ವರ್ಷಗಳಲ್ಲಿ ಫಾತಿಮಾ ಜಿನ್ನಾ ಅವರೂ ಪ್ರಧಾನಿಯ ಪತ್ನಿ ರಾನಾ ಲಿಯಾಖತ್ ಅಲಿ ಖಾನ್ ಅವರೂ ಸಭೆ ಸಮಾರಂಭಗಳಿಗೆ ಘರಾರಾ ಧರಿಸಿಯೇ ಬರುತ್ತಿದ್ದರು. ಕಾಶಿಯಿಂದ ಹೋದ ನೇಕಾರರು ಕರಾಚಿಯ ಓರಂಗಿ ಭಾಗದಲ್ಲಿ ಮಗ್ಗ ಹೂಡಿದರು. ಆ ಬಡಾವಣೆಗೆ ಇಂದಿಗೂ ಬನಾರಸ್ ಎಂದೇ ಹೆಸರು.

ಈ ವಲಸೆಯಲ್ಲಿ ಕನ್ನಡನಾಡಿಗೆ ತಾಗುವ ಎಳೆಯೊಂದಿದೆ. ನಿಜಾಮನ ಹೈದರಾಬಾದಿನಿಂದ ಹೋದವರು ಕರಾಚಿಯಲ್ಲಿ ಹೈದರಾಬಾದ್ ಕಾಲೊನಿಯೆಂಬ ಬಡಾವಣೆ ಕಟ್ಟಿಕೊಂಡರು. ತಮ್ಮೊಡನೆ 'ಖಡಾ ದುಪಟ್ಟಾ' ಎಂಬ ವಧುವಿನ ಉಡುಪನ್ನೂ ಕೊಂಡೊಯ್ದರು. ಕುರ್ತಿ, ಚೂಡಿದಾರಗಳ ಮೇಲೆ ಆರು ಗಜದ ದುಪಟ್ಟಾವನ್ನು ನೆರಿಗೆ ಹಿಡಿದು ಮೈಗೆ ಸುತ್ತಿ ನಿಲ್ಲಿಸುವ ಕ್ರಮವದು. ಆರು ಗಜವೆಂದೊಡನೆ ಸೀರೆಯ ನೆನಪಾಗದಿರದು. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಅದೇ ಹೈದರಾಬಾದು ರಾಜ್ಯದಲ್ಲಿದ್ದುವು. ಅರಬ್ಬೀ ಸಮುದ್ರದ ದಡದ ಕರಾಚಿಯಲ್ಲಿ ದಖ್ಖಣದ ಮನೆತನದ ಹುಡುಗಿ ಇಂದಿಗೂ ಅಜ್ಜಿಯ ಊರಿನ ನೆರಿಗೆಯನ್ನೇ ಹಿಡಿದು ಮದುವೆಯಾಗುತ್ತಾಳೆ.

ಆದರೆ ಜೋಡಾದ ಬೆಲೆ ಬಟ್ಟೆಯಲ್ಲಿಲ್ಲ, ಆಕಾರದಲ್ಲೂ ಇಲ್ಲ, ಅದು ಕೈಯಲ್ಲಿದೆ. ಪೇಟೆಯ ಥಳಕಿನಿಂದ ದೂರದಲ್ಲಿ, ಕಿರಿದಾದ ಓಣಿಯ ಮಾಳಿಗೆಯ ಮೇಲೆ, ಉದ್ದನೆಯ ಮರದ ಚೌಕಟ್ಟೊಂದಕ್ಕೆ ಬಟ್ಟೆಯನ್ನು ಮದ್ದಲೆಯ ಚರ್ಮದಂತೆ ಬಿಗಿದಿರುತ್ತಾರೆ. ಇದಕ್ಕೆ 'ಅಡ್ಡಾ' ಎಂದು ಹೆಸರು. ಅದರ ಎರಡು ಬದಿಗೂ ಕುಶಲಕರ್ಮಿಗಳು ನೆಲದ ಮೇಲೆ ಕುಳಿತು ಬಾಗಿರುತ್ತಾರೆ. ಮೊದಲು ಕಾಗದದ ಮೇಲೆ ಬರೆದ ನಕ್ಷೆಗೆ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಬಟ್ಟೆಯ ಮೇಲೆ ಹಾಸಿ, ಬಣ್ಣದ ಪುಡಿ ಕಲಸಿದ ಸೀಮೆಎಣ್ಣೆಯನ್ನು ಒರಸುತ್ತಾರೆ. ಕಾಗದ ತೆಗೆದಾಗ ಬಟ್ಟೆಯ ಮೇಲೆ ಚುಕ್ಕಿಗಳ ಬಳ್ಳಿ ಉಳಿಯುತ್ತದೆ. ಮುಂದಿನದೆಲ್ಲ ಸೂಜಿಯ ಕೆಲಸ. ಸುರುಳಿ ಸುತ್ತಿದ ಸಣ್ಣ ಲೋಹದ ತಂತಿಯನ್ನು ಚೂರು ಚೂರಾಗಿ ಕತ್ತರಿಸಿ ಮಣಿಯಂತೆ ಪೋಣಿಸಿ ಹೊಲಿದರೆ ಅದು ದಬ್ಕಾ. ತಂತಿಗೆ ಮುಖಗಳಿದ್ದು ಮಿನುಗಿದರೆ ನಕ್ಷಿ. ಹೊಳಪಿಲ್ಲದೆ ಮಂಕಾಗಿದ್ದರೆ ಕೋರಾ. ಚಪ್ಪಟೆ ಮಾಡಿದ ತಂತಿಯನ್ನು ಬಟ್ಟೆಯೊಳಗೆ ತೂರಿಸಿ ಚುಕ್ಕಿ ಚುಕ್ಕಿಯಾಗಿ ಒತ್ತಿದರೆ ಕಾಮದಾನಿ. ಇವೆಲ್ಲಕ್ಕೂ ಒಟ್ಟಾಗಿ ಜರ್ದೋಜಿ ಎಂಬ ಹೆಸರು. ಪಾರಸಿಯಲ್ಲಿ ಜರ್ ಎಂದರೆ ಚಿನ್ನ, ದೋಜಿ ಎಂದರೆ ಹೊಲಿಗೆ. ಈಗಿನ ತಂತಿಯಲ್ಲಿ ಚಿನ್ನ ಹೆಸರಿಗೆ ಮಾತ್ರ; ಬಹುಮಟ್ಟಿಗೆ ಮುಲಾಮು ಹಾಕಿದ ತಾಮ್ರ. ಆದರೆ ಹೊಲಿಗೆಯಲ್ಲಿ ಬದಲಾವಣೆಯಿಲ್ಲ. ತುಂಬು ಕೆಲಸದ ಒಂದು ಜೋಡಾಕ್ಕೆ ಹಲವು ಜೊತೆ ಕೈಗಳು ತಿಂಗಳುಗಟ್ಟಲೆ ಬೇಕು; ಮುಗಿದಾಗ ಅದು ಹತ್ತು ಕಿಲೋ ತೂಗುವುದೂ ಉಂಟು.

ಈ ಮಾಳಿಗೆಯಿಂದ ಗುಲ್ಬರ್ಗ್ ಎಂಬ ಹೊಸ ಬಡಾವಣೆಗೆ ಕೆಲವೇ ಮೈಲಿ. ಲೋಕ ಮಾತ್ರ ಬೇರೆ. ಅಲ್ಲಿ ವಸ್ತ್ರವಿನ್ಯಾಸಕಾರರ ಹವಾನಿಯಂತ್ರಿತ ಮಳಿಗೆಗಳು. 1994ರಲ್ಲಿ ಲಾಹೋರಿನಲ್ಲಿ ವಸ್ತ್ರವಿನ್ಯಾಸದ ಶಾಲೆ ಆರಂಭವಾದ ಮೇಲೆ ಈ ವಿದ್ಯೆ ಕಲಿತ ತರುಣ ತರುಣಿಯರ ಪೀಳಿಗೆಯೇ ಬೆಳೆದಿದೆ. ಕರಾಚಿಯ ಬಂಟೋ ಕಾಜ್ಮಿ ಅವರು ಮೊಗಲರ ಕಾಲದ ಕಿರುಚಿತ್ರಗಳ ಲೋಕವನ್ನು ಕಸೂತಿಗೆ ಇಳಿಸಿ ಹೆಸರಾದವರು. ಹಸನ್ ಶಹರಿಯಾರ್ ಯಾಸೀನ್, ನೋಮಿ ಅನ್ಸಾರಿ ಮೊದಲಾದವರ ಉಡುಪುಗಳನ್ನು ಬ್ರಿಟನ್ನು, ಕೆನಡಾಗಳ ಪಾಕಿಸ್ತಾನೀ ಮನೆತನಗಳೂ ಬಯಸುತ್ತವೆ. ವರ್ಷಕ್ಕೊಂದು ಮೋಡಿ ಬರುತ್ತದೆ, ಹೋಗುತ್ತದೆ. ಒಮ್ಮೆ ಹಿಂದೆ ಬಾಲದಂತೆ ಎಳೆಯುವ ಲಂಗ. ಇನ್ನೊಮ್ಮೆ ಮೊಗಲರ ಪೇಶ್ವಾಜು. ಒಮ್ಮೆ ತಲೆಗೊಂದು, ಹೆಗಲಿಗೊಂದು ಎಂದು ಎರಡು ದುಪಟ್ಟಾ. ಅಜ್ಜಿಯರ ಕಾಲದ ಫರ್ಶಿ ಸಲವಾರು 2025ರ ರಂಜಾನ್ ಹಬ್ಬದ ವೇಳೆಗೆ ಮತ್ತೆ ಬೀದಿ ಬೀದಿಯಲ್ಲೂ ಕಾಣಿಸಿಕೊಂಡಿತು. ಗುಲ್ಬರ್ಗಿನಲ್ಲಿ ಇಂದು ತೋರಿದ್ದರ ಚಿತ್ರ ದೂರವಾಣಿಯ ಪರದೆಯ ಮೇಲೇರಿ, ಕೆಲವೇ ವಾರಗಳಲ್ಲಿ ಅನಾರ್ಕಲಿ, ಇಛ್ರಾ ಬಾಜಾರುಗಳಲ್ಲಿ ಅದರ ನಕಲು ನೇತಾಡುತ್ತದೆ. ವಿನ್ಯಾಸಕಾರನಿಗೆ ಅದರಿಂದ ಸಂಕಟ. ಗುಮಾಸ್ತೆಯ ಮಗಳಿಗೆ ಸಂತೋಷ.

ಆದರೆ ಆ ಸಂತೋಷಕ್ಕೂ ಬೆಲೆಯುಂಟು, ಮತ್ತು ಆ ಬೆಲೆ ಅನೇಕ ಮನೆಗಳ ಬೆನ್ನು ಬಗ್ಗಿಸಿದೆ. 1976ರಲ್ಲಿ ಪಾಕಿಸ್ತಾನದ ಸಂಸತ್ತು ವರದಕ್ಷಿಣೆ ಹಾಗೂ ವಧುವಿನ ಉಡುಗೊರೆಗಳಿಗೆ ಐದೈದು ಸಾವಿರ ರೂಪಾಯಿಗಳ ಮಿತಿ ಹಾಕಿತು. ಕಾನೂನು ಪುಸ್ತಕದಲ್ಲಿ ಉಳಿಯಿತು. ಪೇಟೆ ತನ್ನ ದಾರಿ ಹಿಡಿಯಿತು. 2016ರಲ್ಲಿ ಪಂಜಾಬು ಪ್ರಾಂತ ಮದುವೆಯೂಟದಲ್ಲಿ ಬಗೆಬಗೆಯ ಭಕ್ಷ್ಯಗಳನ್ನು ತಡೆದು 'ಒಂದೇ ಭಕ್ಷ್ಯ'ದ ನಿಯಮ ತಂದಿತು. ತಟ್ಟೆಯನ್ನು ಅಳೆದಂತೆ ಲಂಗದ ಅಂಚನ್ನು ಅಳೆಯಲು ಯಾವ ಸರಕಾರದಿಂದಲೂ ಆಗದು. 1987ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಮದುವೆಯಾದ ಬೇನಜೀರ್ ಭುಟ್ಟೋ ಅವರು ವರನ ಮನೆಯಿಂದ ವಾಡಿಕೆಯಂತೆ ಬರಬೇಕಾಗಿದ್ದ ಹತ್ತಾರು ಜೋಡಾಗಳನ್ನು ಬೇಡವೆಂದು, ಎರಡೇ ಸಾಕೆಂದರು. ಅಷ್ಟು ದೊಡ್ಡ ಮನೆತನದ ಹೆಣ್ಣು ಸಾಕೆಂದಾಗ ಉಳಿದವರಿಗೆ ಸಾಕೆನ್ನುವ ಧೈರ್ಯ ಬರಲೆಂಬುದು ಅದರ ಉದ್ದೇಶ. ಮಲಾಲಾ ಯೂಸುಫ್‌ಜಾಯ್ 2021ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ತಮ್ಮ ಮನೆಯಲ್ಲಿ ನಿಕಾಹ್ ಮಾಡಿಕೊಂಡಾಗ ಉಟ್ಟಿದ್ದುದು ಟೀ ಪಿಂಕ್ ಬಣ್ಣದ ಮಿತವಾದ ಉಡುಪು.

ಉಡುಪು ತೋರಿಸುವ ವೇದಿಕೆಯಿಂದಲೇ ಎರಡು ಬಾರಿ ಎಚ್ಚರಿಕೆಯ ಮಾತು ಬಂದದ್ದು ಗಮನಾರ್ಹ. 2017ರ ಡಿಸೆಂಬರಿನಲ್ಲಿ, ಮದುವೆಯ ಉಡುಪುಗಳ ಪ್ರದರ್ಶನವೊಂದರಲ್ಲಿ, ರೂಪದರ್ಶಿಗಳ ನಡುವೆ ಒಬ್ಬ ಚಿಕ್ಕ ಹುಡುಗಿ ನಡೆದು ಬಂದಳು. ಅವಳು ತೊಟ್ಟಿದ್ದುದು ಜರ್ದೋಜಿ ಹಾಕಿದ ಶಾಲೆಯ ಸಮವಸ್ತ್ರ. ಬಾಲ್ಯವಿವಾಹದ ವಿರುದ್ಧ ವಿಶ್ವಸಂಸ್ಥೆಯ ಮಹಿಳಾ ವಿಭಾಗದೊಡನೆ ಸೇರಿ ವಿನ್ಯಾಸಕಾರ ಅಲಿ ಜೀಷಾನ್ ಮಾಡಿದ ಕೆಲಸವದು. ಅದೇ ವಿನ್ಯಾಸಕಾರ 2021ರಲ್ಲಿ 'ನುಮಾಯಿಶ್' ಎಂಬ ಪ್ರದರ್ಶನ ಏರ್ಪಡಿಸಿದ. ನುಮಾಯಿಶ್ ಎಂದರೆ ತೋರಿಕೆ. ಅದರಲ್ಲಿ ಜರಿಯ ಉಡುಪು ತೊಟ್ಟ ವಧು ಗಾಡಿಯೊಂದನ್ನು ಎಳೆಯುತ್ತಾಳೆ; ಗಾಡಿಯ ತುಂಬ ವರದಕ್ಷಿಣೆಯ ಸಾಮಾನು, ಅದರ ಮೇಲೆ ವರ ಕುಳಿತಿದ್ದಾನೆ. ನೋಡಿದವರು ಮರೆಯುವಂತಿರಲಿಲ್ಲ.

ಗಾಡಿಯ ಕೆಳಗೆ ಇನ್ನೂ ಒಬ್ಬನಿದ್ದಾನೆ. ಅವನೇ ಅಡ್ಡಾದ ಮುಂದೆ ಬಾಗಿದವನು. ಜೋಡಾದ ಮೇಲೆ ವಿನ್ಯಾಸಕಾರನ ಹೆಸರಿನ ಚೀಟಿ ಇರುತ್ತದೆ. ಹೊಲಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಅಡ್ಡಾದಲ್ಲಿ ಹೆಚ್ಚಾಗಿ ಗಂಡಸರು. ಆದರೆ ಗೋಟಾ, ಚಮಕಿ, ಮಣಿಗಳ ಕೆಲಸ ಮನೆಗಳಿಗೆ ಹೋಗುತ್ತದೆ. ಅಲ್ಲಿ ಹೆಂಗಸರು ಅಡುಗೆ, ಮಕ್ಕಳ ನಡುವೆ ತುಂಡಿಗಿಷ್ಟು ಎಂಬ ಕೂಲಿಗೆ ದುಡಿಯುತ್ತಾರೆ. ಕಣ್ಣು ಮಂಜಾಗುತ್ತದೆ, ಬೆನ್ನು ನೋಯುತ್ತದೆ. ಸಿಂಧ್ ಪ್ರಾಂತ 2018ರಲ್ಲಿ ಕಾನೂನು ಮಾಡಿ ಇಂತಹ ಮನೆಗೆಲಸದ ಕೂಲಿಯವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡಿತು. ಈ ನಡುವೆ ಗಣಕಯಂತ್ರದ ಕಸೂತಿ ಬಂದಿದೆ. ತಿಂಗಳ ಕೆಲಸವನ್ನು ಅದು ಗಂಟೆಗಳಲ್ಲಿ ಮುಗಿಸುತ್ತದೆ. ಅಗ್ಗದ ಜೋಡಾ ಬೇಕೆಂಬ ತಾಯಿಯ ಆಸೆ ನ್ಯಾಯವಾದದ್ದು; ತಕ್ಕ ಕೂಲಿ ಬೇಕೆಂಬ ಕುಶಲಕರ್ಮಿಯ ಆಸೆಯೂ ಅಷ್ಟೇ ನ್ಯಾಯವಾದದ್ದು. ಎರಡೂ ಒಂದೇ ಬಟ್ಟೆಯ ಮೇಲೆ ಹೊಂದುವುದು ಕಷ್ಟ.

ಹೊಂದಿಸುವ ಜಾಣತನವನ್ನು ಕೆಲವು ಮನೆಗಳು ಕಂಡುಕೊಂಡಿವೆ. ಮೈತುಂಬ ಜರಿ ಬೇಡ. ಕತ್ತು, ತೋಳು, ಅಂಚುಗಳಲ್ಲಿ ಕೈಕೆಲಸವಿದ್ದು ನಡುವೆ ರೇಷ್ಮೆ ಬಯಲಾಗಿ ಉಳಿದರೆ ಕಣ್ಣಿಗೂ ತಂಪು, ಹೆಗಲಿಗೂ ಹಗುರ. ಬರಾತಿನ ಕೆಂಪು ದುಪಟ್ಟಾ ಮುಂದೆ ಸಾದಾ ಕಮೀಜಿನ ಮೇಲೆ ಹಬ್ಬಕ್ಕೆ ಒದಗುತ್ತದೆ. ಮದುವೆಯ ಕುರ್ತಿ ತಂಗಿಯ ಮದುವೆಗೆ ಬೇರೆ ಇಜಾರದೊಡನೆ ಹೊಸದಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪೆಟ್ಟಿಗೆಯ ತಳದಲ್ಲಿರುವ ತಾಯಿಯ ಜೋಡಾ. ವರ್ಷಗಳು ಕಳೆದು ಅದರ ರೇಷ್ಮೆ ಮಡಿಕೆಯಲ್ಲಿ ಸೀಳಿರುತ್ತದೆ. ಅಂತಹದನ್ನು ಅಡ್ಡಾದವನ ಮುಂದೆ ಬಿಚ್ಚಿದರೆ ಅವನು ಮೊದಲು ಬೆರಳಿನಿಂದ ಹೊಲಿಗೆಯನ್ನು ಸವರಿ ನೋಡುತ್ತಾನೆ. ಆಮೇಲೆ ಹೂವುಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದು, ಹೊಸ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಅದರ ಮೇಲೆ ಅವನ್ನು ಮತ್ತೆ ಕೂರಿಸುತ್ತಾನೆ. ತಾಮ್ರ ಸ್ವಲ್ಪ ಕಪ್ಪಿಟ್ಟಿರುತ್ತದೆ. ಮಗಳು ಅದನ್ನು ಉಜ್ಜಿಸುವುದಿಲ್ಲ. ಹಾಗೆಯೇ ತೊಟ್ಟು ಮದುವೆಯ ಮಂಟಪಕ್ಕೆ ನಡೆಯುತ್ತಾಳೆ.