ದುಡಿಮೆಯ ಪಗಾರ, ಒಡೆತನದ ಪಾಲು

ಹನ್ನೆರಡು ವರ್ಷ ಮಠದ ಪಾಠಶಾಲೆಯಲ್ಲಿ ಕುಳಿತು ಸಿದ್ಧಾಂತ ಕೌಮುದಿಯ ಒಂದೊಂದು ಸೂತ್ರವನ್ನೂ ಬಿಡಿಸಿ ಓದಿದ ನಾನು, ನನ್ನ ತಮ್ಮನ ಕಂಪನಿಯ ಲೆಕ್ಕಪತ್ರಕ್ಕೆ ಮಾತ್ರ ಓದದೆಯೇ ಸಹಿ ಹಾಕುತ್ತ ಬಂದವನು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ತಂದೆಯವರು ಒಂದು ಲೇಥ್ ಯಂತ್ರದಿಂದ ಆರಂಭಿಸಿದ ಕಾರ್ಖಾನೆಯದು. ಮುಂದೆ ಪ್ರೈವೇಟ್ ಲಿಮಿಟೆಡ್ ಆಯಿತು. ಅರ್ಧ ಷೇರು ತಮ್ಮನದು, ಕಾಲು ನನ್ನದು, ಕಾಲು ತಂಗಿಯದು. ತಮ್ಮನೂ ನಾನೂ ನಿರ್ದೇಶಕರು. ನಾನು ಹೆಸರಿಗೆ, ಅವನು ಕೆಲಸಕ್ಕೆ.

2025ರ ಯುಗಾದಿಗೆ ತವರಿಗೆ ಬಂದ ತಂಗಿ ಬೇವು-ಬೆಲ್ಲ ಕೈಯಲ್ಲಿ ಹಿಡಿದೇ ಕೇಳಿದಳು: “ಅಣ್ಣಾ, ಅಪ್ಪಾ ನನಗ ಕೊಟ್ಟ ಕಾಗದಕ್ಕ ಬೆಲಿ ಐತೋ ಇಲ್ಲೋ?” ಜಗಳದ ದನಿಯಲ್ಲ, ಆದ್ದರಿಂದಲೇ ನನಗೆ ಹೆಚ್ಚು ಚುಚ್ಚಿತು. ಆ ರಾತ್ರಿ ಮೊದಲ ಬಾರಿಗೆ ಲೆಕ್ಕವನ್ನು ಓದಿದೆನು. ವರ್ಷದ ಗಳಿಕೆ 26 ಲಕ್ಷ ರೂಪಾಯಿ. ಅದರಲ್ಲಿ ತಮ್ಮನ ಪಗಾರ 20 ಲಕ್ಷ, ಕಾರ್ಖಾನೆಯ ಹೊಸ್ತಿಲು ತುಳಿಯದ ಅವನ ಪತ್ನಿಯ ಪಗಾರ 6 ಲಕ್ಷ. ಲಾಭದ ಸ್ಥಳದಲ್ಲಿ ಸೊನ್ನೆ. ಆ ಸೊನ್ನೆಯ ಕೆಳಗೆ ನನ್ನ ಸಹಿ.

ತಮ್ಮನನ್ನು ಕರೆದು ಕೇಳಿದೆ. “ಮುಂಜಾನಿಂದ ರಾತ್ರಿತನಕ ನಾ ದುಡೀತೀನಿ. ನಾ ತಗೊಂಡ್ರ ತಪ್ಪೇನ್ರಿ ಅಣ್ಣಾ?” ಎಂದನು. ಅವನ ಮಾತು ಸುಳ್ಳಲ್ಲ. ಆದರೆ ನಮ್ಮ ಊರ ಕಣದಲ್ಲಿ ನಾವಿಬ್ಬರೂ ಕಂಡ ರೂಢಿಯೊಂದಿತ್ತು: ಆಳಿನ ಕೂಲಿಯನ್ನೂ ಆಯಗಾರರ ಆಯವನ್ನೂ ಮೊದಲು ಅಳೆದು ಕೊಟ್ಟು, ಉಳಿದ ರಾಶಿಯನ್ನು ಹೊಲದ ಪಾಲಿನಂತೆ ಹಂಚುತ್ತಿದ್ದರು. ದುಡಿದವನೇ ಪಾಲುದಾರನೂ ಆಗಿದ್ದರೆ ಎರಡನ್ನೂ ಪಡೆಯುತ್ತಿದ್ದನು. ಆದರೆ ಕೂಲಿಯ ಹೆಸರಿನಲ್ಲಿ ಇಡೀ ರಾಶಿಯನ್ನು ಹೊತ್ತೊಯ್ಯುತ್ತಿರಲಿಲ್ಲ. ಇದನ್ನು ನೆನಪಿಸಿದಾಗ ಅವನು ಇನ್ನೊಂದು ತುದಿಗೆ ಹಾರಿದನು. “ಹಾಂಗಾದ್ರ ಪಗಾರನ ಬ್ಯಾಡ, ಎಲ್ಲಾ ಲಾಭಾಂಶ ಮಾಡೂಣು. ಇಂಗ್ಲೆಂಡಿನ್ಯಾಗ ಹಂಗ ಮಾಡ್ತಾರಂತ ಅಳಿಯಾ ಹೇಳ್ಯಾನ.”

ತಂಗಿಯ ಮಗ ಅಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ಹೇಳಿದ್ದು ಆ ನಾಡಿಗೆ ಸರಿ. ಅಲ್ಲಿ ಪಗಾರದ ಮೇಲೆ ರಾಷ್ಟ್ರೀಯ ವಿಮೆಯ ವಂತಿಗೆಯುಂಟು. 2025ರ ಏಪ್ರಿಲ್‌ನಲ್ಲಿ ಮಾಲೀಕನ ಪಾಲೇ ಶೇ. 15ಕ್ಕೆ ಏರಿತು. ಲಾಭಾಂಶಕ್ಕೆ ಆ ವಂತಿಗೆಯಿಲ್ಲ. ಆದ್ದರಿಂದ ಸಣ್ಣ ಕಂಪನಿಯ ನಿರ್ದೇಶಕರು ಪಗಾರವನ್ನು ಕಿರಿದಾಗಿಸಿ ಲಾಭಾಂಶವನ್ನು ಹಿರಿದಾಗಿಸುತ್ತಾರೆ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಪಗಾರವು ಕಂಪನಿಗೆ ಖರ್ಚು. ಅದನ್ನು ಕಳೆದ ಬಳಿಕವೇ ಕಂಪನಿಗೆ ತೆರಿಗೆ. ಲಾಭಾಂಶವಾದರೋ ತೆರಿಗೆ ಕಟ್ಟಿ ಉಳಿದುದರಲ್ಲಿ ಕೊಡತಕ್ಕದ್ದು. 2020ರ ಏಪ್ರಿಲ್ 1ರಿಂದ ಪಡೆದವರ ಆದಾಯಕ್ಕೂ ಅದು ಸೇರುತ್ತದೆ. ಅದಕ್ಕೆ ಮುನ್ನ ಲಾಭಾಂಶದ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು.

ನಮ್ಮ ಲೆಕ್ಕಪರಿಶೋಧಕರು ಕಾಗದದ ಮೇಲೆ ಬರೆದು ತೋರಿಸಿದರು. 12 ಲಕ್ಷವನ್ನು ಪಗಾರವೆಂದು ಕೊಟ್ಟರೆ, ಬೇರೆ ಆದಾಯವಿಲ್ಲದವನಿಗೆ 2025-26ರ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಪಗಾರದವರಿಗೆ 12 ಲಕ್ಷ 75 ಸಾವಿರದವರೆಗೆ ಆ ಅನುಕೂಲ. ಅದೇ 12 ಲಕ್ಷ ಲಾಭವಾಗಿ ಉಳಿದರೆ, ಶೇ. 22ರ ಯೋಜನೆಯನ್ನು ಆಯ್ದುಕೊಂಡ ನಮ್ಮಂಥ ಕಂಪನಿ ಅಧಿಭಾರ, ಉಪಕರಗಳೂ ಸೇರಿ ಶೇ. 25.168ರಂತೆ 3,02,016 ರೂಪಾಯಿ ಕಟ್ಟಬೇಕು. ಹಂಚಲು ಉಳಿಯುವುದು 8,97,984. ತಮ್ಮನಿಗೆ ಅದರಲ್ಲಿ ಅರ್ಧ ಮಾತ್ರ.

“ಕಂಪನಿಯಿಂದ ಕೈಗಡ ತಗೊಂಡ್ರ?” ಎಂದನು ತಮ್ಮ. ಪರಿಶೋಧಕರು ನಕ್ಕುಬಿಟ್ಟರು. ಅಷ್ಟು ಷೇರುಳ್ಳವನು ಇಂಥ ಕಂಪನಿಯಿಂದ ಸಾಲ ಪಡೆದರೆ, ಕೂಡಿಟ್ಟ ಲಾಭದ ಮಟ್ಟಿಗೆ ಆ ಸಾಲವನ್ನೂ ಲಾಭಾಂಶವೆಂದೇ ಆದಾಯ ತೆರಿಗೆಯವರು ಎಣಿಸುತ್ತಾರಂತೆ.

ಹಾಗಾದರೆ ಪಗಾರ ಎಷ್ಟಿರಬೇಕು? ಇದರ ಚರ್ಚೆಗೆ ಮೂರು ಸಂಜೆ ಹಿಡಿಯಿತು. ಕೊನೆಗೆ ನಾನು ಕೇಳಿದೆ: “ನಾಳೆ ನೀನು ಹಾಸಿಗೆ ಹಿಡಿದರೆ ನಿನ್ನ ಕುರ್ಚಿಯಲ್ಲಿ ಕೂಡ್ರಿಸುವವನಿಗೆ ತಿಂಗಳಿಗೆ ಎಷ್ಟು ಕೊಡುವಿ?” ಬಹಳ ಹೊತ್ತು ಸುಮ್ಮನಿದ್ದು “ಒಂದು ಲಕ್ಷ” ಎಂದನು. ಅದೇ ನಿಶ್ಚಯವಾಯಿತು. ಅವನ ಪತ್ನಿಯ ಪಗಾರದ ಮಾತನ್ನು ನಾನೆತ್ತಲು ಹಿಂಜರಿದೆ, ಪರಿಶೋಧಕರೇ ಎತ್ತಿದರು. ಸಂಬಂಧಿಕರಿಗೆ ಅವರ ಕೆಲಸಕ್ಕೆ ಮೀರಿ ಕೊಟ್ಟ ಹಣವನ್ನು ಇಲಾಖೆ ಖರ್ಚೆಂದು ಒಪ್ಪದಿರಬಹುದು, ಆಗ ಕಂಪನಿಯೂ ತೆರಿಗೆ ಕಟ್ಟಬೇಕು, ಪಡೆದವರೂ ಕಟ್ಟಬೇಕು ಎಂದರು. ತಮ್ಮನ ಮುಖ ಕೆಂಪಾಯಿತು. ಆ ತಿಂಗಳಿಂದ ಆ ಪಗಾರ ನಿಂತಿತು. ಅವನ ಪತ್ನಿ ನನ್ನೊಡನೆ ಕೆಲಕಾಲ ಮಾತು ಬಿಟ್ಟಿದ್ದಳು. ಅದು ನಾನು ಸಹಿಸತಕ್ಕದ್ದೇ ಆಗಿತ್ತು.

ಗಳಿಕೆ ಹಿಂದಿನಷ್ಟೇ ಆದರೆ ಪಗಾರ ಕಳೆದು 14 ಲಕ್ಷ, ತೆರಿಗೆ ಕಳೆದು 10,47,648 ಉಳಿಯತಕ್ಕದ್ದು. ಹೊಸ ಯಂತ್ರಕ್ಕೆಂದು ಅರ್ಧಕ್ಕಿಂತ ಹೆಚ್ಚನ್ನು ಕಂಪನಿಯಲ್ಲಿಯೇ ಇಟ್ಟು, 2026ರ ಸಂಕ್ರಾಂತಿಯ ವೇಳೆಗೆ 5 ಲಕ್ಷವನ್ನು ಮಧ್ಯಂತರ ಲಾಭಾಂಶವೆಂದು ಠರಾವು ಮಾಡಿದೆವು. ಈ ಸಲ ಠರಾವಿನ ಪ್ರತಿ ಸಾಲನ್ನೂ ಓದಿ ಸಹಿ ಹಾಕಿದೆನು.

ವಾರದೊಳಗೆ ತಂಗಿಯ ಫೋನು ಬಂತು. “ಅಣ್ಣಾ, ಸವಾ ಲಕ್ಷ ಅಂದಿದ್ರಿ, 1,12,500 ಬಂದೈತಿ. ಉಳಿದಿದ್ದು ಯಾರ ತಿಂದ್ರು?” 10,000 ರೂಪಾಯಿಗೆ ಮೀರಿದ ಲಾಭಾಂಶಕ್ಕೆ ಶೇ. 10ರಂತೆ ಮೂಲದಲ್ಲಿಯೇ ಕಡಿತವಾಗುವುದನ್ನೂ, ರಿಟರ್ನ್ ಸಲ್ಲಿಸಿದರೆ ಅವಳಂಥ ಸಣ್ಣ ಆದಾಯದವರಿಗೆ ಅದು ಮರಳಿ ಬರುವುದನ್ನೂ ವಿವರಿಸಿದೆನು. “ಹಾಂಗಾದ್ರ ಆ ರಿಟರ್ನ್ ನೀವ ತುಂಬಿಸಿ ಕೊಡ್ರಿ” ಎಂದಳು. ಅವಳ ಪಾನ್ ಕಾರ್ಡಿನಲ್ಲಿ ತವರಿನ ಅಡ್ಡಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಗಂಡನ ಮನೆಯದು. ಎರಡರ ಪ್ರತಿಗಳೂ ಈಗ ನನ್ನ ಮೇಜಿನ ಮೇಲಿವೆ.